ನೆರಳು ಯಾರ ಪಾಲು?

ಒಂದು ಪ್ರಶ್ನೆ ಕೇಳಲೇ? ಈ ಪತ್ರಿಕೆಯನ್ನು ನೀವು ಎಲ್ಲಿ ನಿಂತು ಓದುತ್ತಿದ್ದೀರಿ? ಬಸ್ ಸ್ಟ್ಯಾಂಡಿನಲ್ಲೇ ಅಲ್ಲವೇ? ಮುಖಪುಟದ ತಾರೆಯನ್ನು ನೋಡಿ ಕೊಂಡಿರಿ, ನಡುಪುಟ ತಿರುವಿದಿರಿ, ಬಸ್ಸು ಇನ್ನೂ ಬಂದಿಲ್ಲ, ಆದ್ದರಿಂದ ನನ್ನ ಈ ಪುಟಕ್ಕೆ ಬಂದಿರಿ. ಬೇಜಾರಿಲ್ಲ, ನಾನೂ ಹೀಗೇ ಓದಿ ಬೆಳೆದವನು. ಈಗ ಒಂದು ಸಲ ತಲೆ ಎತ್ತಿ. ಮೇಲೆ ಏನಿದೆ? ತಗಡಿನ ಚಾವಣಿಯೇ? ಮರವೇ? ಇಲ್ಲಾ ಬರೀ ಬಿಸಿಲೇ?

ಮರ ಇದ್ದರೆ ನೀವು ಪುಣ್ಯವಂತರು. ಈ ವಾರ ನಾನು ಬರೆಯುತ್ತಿರೋದು ಆ ಪುಣ್ಯದ ವಿಚಾರವನ್ನೇ.

‘ಸಿನಿಮಾ ಪತ್ರಿಕೆಯಲ್ಲಿ ಮರ, ರಸ್ತೆಯ ಪುರಾಣ ಯಾಕಪ್ಪಾ?’ ಎಂದು ಹುಬ್ಬೇರಿಸಬೇಡಿ. ನಾನು ಹೊರಟದ್ದು ಟಾಕೀಸಿನ ಮೇಲೆ ಬರೆಯಲಿಕ್ಕೇ. ಬೆಂಗಳೂರಿನ ಪ್ಯಾಲೇಸ್ ಗುಟ್ಟಹಳ್ಳಿಯ ಬಳಿ ಇದ್ದ ‘ಕಾವೇರಿ’ ನಿಮಗೆಲ್ಲ ಗೊತ್ತು. 1974ರಲ್ಲಿ ಅಣ್ಣಾವ್ರ ‘ಬಂಗಾರದ ಪಂಜರ’ದೊಂದಿಗೆ ಬಾಗಿಲು ತೆರೆದ ಚಿತ್ರಮಂದಿರ. ಐವತ್ತು ವರ್ಷ ನಡೆದು 2024ರಲ್ಲಿ ಬಾಗಿಲು ಹಾಕಿತು. ಆಮೇಲೆ ಕಟ್ಟಡವನ್ನೂ ಕೆಡವಿದರು. ಅದರ ನೆನಪಿಗೆ ಒಂದು ಲೇಖನ ಬರೆಯೋಣ ಅಂತ ಒಂದು ಮಧ್ಯಾಹ್ನ ಅಲ್ಲಿಗೆ ಹೋದೆ.

ಟಾಕೀಸಿಲ್ಲದ ಜಾಗ ನೋಡಿದರೆ ಕಣ್ಣಲ್ಲಿ ನೀರು ಬರುತ್ತೇನೋ ಅಂದುಕೊಂಡಿದ್ದೆ. ಬರಲಿಲ್ಲ. ವಾಪಸು ಹೋಗಲು ಬಸ್ ಸ್ಟಾಪಿಗೆ ಬಂದೆ. ಅಲ್ಲಿ ಹತ್ತಿಪ್ಪತ್ತು ಜನ ಬಸ್ಸಿಗೆ ಕಾಯುತ್ತಿದ್ದರು. ಯಾರೂ ಸ್ಟಾಪಿನ ಬೋರ್ಡಿನ ಹತ್ತಿರ ಇಲ್ಲ! ಎಲ್ಲರೂ ಸ್ವಲ್ಪ ದೂರದಲ್ಲಿ, ಮರದ ನೆರಳು ಬಿದ್ದ ನಾಲ್ಕು ಮಾರು ಜಾಗದಲ್ಲಿ ಒತ್ತಿಕೊಂಡು ನಿಂತಿದ್ದರು. ನೆರಳು ಸರಿದ ಹಾಗೆ ಜನವೂ ಸರಿಯುತ್ತಿದ್ದರು. ಅದನ್ನು ನೋಡುತ್ತಿದ್ದ ಹಾಗೇ ನನಗೆ ಅಪ್ಪನ ನೆನಪು ಬಂತು. ಅಪ್ಪನ ನೆನಪು ಬಂದ ಮೇಲೆ ಲೇಖನ ಬೇರೆ ದಾರಿ ಹಿಡಿಯಿತು.

ಅಪ್ಪನ ಸೈಕಲ್ಲು, ಅಂಟಿನ ಬಕೆಟ್ಟು

ನನ್ನಪ್ಪ ಸಿನಿಮಾದವನೇ. ತೆರೆಯ ಮೇಲಲ್ಲ, ಗೋಡೆಯ ಮೇಲೆ! ಗಾಂಧಿನಗರದ ಹಂಚಿಕೆದಾರರ ಆಫೀಸುಗಳಿಂದ ಪೋಸ್ಟರ್ ಕಟ್ಟು ತಂದು ಊರಿಗೆಲ್ಲ ಅಂಟಿಸುವುದು ಅವನ ಕೆಲಸ. ಮನೆಯಲ್ಲಿ ಅಮ್ಮ ಮೈದಾ ಹಿಟ್ಟು ಕಾಯಿಸಿ, ಚಿಟಿಕೆ ಮೈಲುತುತ್ತ ಹಾಕಿ ಅಂಟು ಮಾಡಿ ಕೊಡುತ್ತಿದ್ದಳು. ಸೈಕಲ್ಲಿನ ಹಿಂದೆ ಪೋಸ್ಟರು, ಹ್ಯಾಂಡಲ್ಲಿಗೆ ಬಕೆಟ್ಟು, ಮುಂದಿನ ಬಾರಿನ ಮೇಲೆ ಟವೆಲ್ ಸುತ್ತಿ ಕೂರಿಸಿಕೊಂಡ ನಾನು. ಯಾವ ನಾಯಕನ ಮೂಗಿನ ಮೇಲೆ ಬ್ರಷ್ಷು ಎಷ್ಟು ಸಲ ಎಳೆದರೆ ಗುಳ್ಳೆ ಏಳುವುದಿಲ್ಲ ಎಂಬುದು ನನಗೆ ಆರನೇ ವಯಸ್ಸಿಗೇ ಗೊತ್ತಿತ್ತು.

ನಮ್ಮ ಮನೆ ಹೆಬ್ಬಾಳದಿಂದಾಚೆ, ಕೊಡಿಗೇಹಳ್ಳಿಯಲ್ಲಿ. ಹೀಗಾಗಿ ಬಳ್ಳಾರಿ ರಸ್ತೆ ಅಂದರೆ ನನಗೆ ಮನೆಯ ಜಗುಲಿ ಇದ್ದ ಹಾಗೆ. ಭಾನುವಾರ ಮ್ಯಾಟಿನಿಗೆ ‘ಕಾವೇರಿ’ಗೆ ಹೊರಟೆವು ಎಂದರೆ ಹೆಬ್ಬಾಳದ ಕೆರೆ, ಗಂಗಾನಗರ, ಮೇಖ್ರಿ ವೃತ್ತ, ಆಮೇಲೆ ಎಡಕ್ಕೆ ಅರಮನೆ ಮೈದಾನದ ಉದ್ದನೆಯ ಕಾಂಪೌಂಡು, ಬಲಕ್ಕೆ ಸದಾಶಿವನಗರ. ಮೇಖ್ರಿ ವೃತ್ತ ದಾಟಿದ ಮೇಲೆ ಅಪ್ಪ ತುಳಿಯೋದನ್ನು ನಿಲ್ಲಿಸುತ್ತಿದ್ದ. ಎರಡೂ ಕಡೆ ಮರ. ಮಳೆಮರ, ಗುಲ್‌ಮೊಹರ್, ಹೊಂಗೆ. ಕೊಂಬೆಗೆ ಕೊಂಬೆ ಕೈ ಕೊಟ್ಟು ರಸ್ತೆಯ ಮೇಲೆ ಚಪ್ಪರ. ‘ನೋಡು ಮಗಾ, ಏ.ಸಿ. ಥಿಯೇಟ್ರು ಇಲ್ಲಿಂದ್ಲೇ ಶುರು’ ಅನ್ನುತ್ತಿದ್ದ.

ಸದಾಶಿವನಗರದ ಕಡೆ ತಿರುಗುವ ಮೂಲೆಯಲ್ಲಿ ಮಾತ್ರ ಸೈಕಲ್ ಇಳಿದು, ಅಣ್ಣಾವ್ರ ಮನೆ ಇರುವ ದಿಕ್ಕಿಗೆ ಒಂದು ಕೈ ಎತ್ತಿ ಮುಗಿಯುತ್ತಿದ್ದ. ಮನೆ ಅಲ್ಲಿಂದ ಕಾಣುತ್ತಲೇ ಇರಲಿಲ್ಲ! ಆದರೂ ಮುಗಿಯುತ್ತಿದ್ದ. 2006ರ ಏಪ್ರಿಲ್ 12ರಂದು ಅಣ್ಣಾವ್ರು ಹೋದ ದಿನ ಅಪ್ಪ ಚಪ್ಪಲಿಯನ್ನೂ ಹಾಕದೆ ಇದೇ ರಸ್ತೆಯಲ್ಲಿ ನಡೆದುಕೊಂಡು ಹೋದ. ರಾತ್ರಿ ಬಂದವನು ಎರಡು ದಿನ ಬ್ರಷ್ಷು ಮುಟ್ಟಲಿಲ್ಲ.

ಅಪ್ಪನಿಗೆ ಒಂದು ಕಟ್ಟುನಿಟ್ಟಿತ್ತು. ಪೋಸ್ಟರನ್ನು ಗೋಡೆಗೆ ಅಂಟಿಸುತ್ತಿದ್ದನೇ ಹೊರತು ಮರಕ್ಕೆ ಮೊಳೆ ಹೊಡೆದು ತೂಗು ಹಾಕುತ್ತಿರಲಿಲ್ಲ. ‘ಗೋಡೆ ಯಾರೋ ಸಾಹುಕಾರಂದು, ಬೈದ್ರೆ ಅವನು ಬೈತಾನೆ. ಮರ ನಮ್ದು ಕಣೋ, ಅದಕ್ಕೆ ಹೊಡೀಬಾರ್ದು’ ಎನ್ನುತ್ತಿದ್ದ. ಊರ ಗೋಡೆಗೆ ಪೋಸ್ಟರು ಅಂಟಿಸುವುದೇ ಕಾನೂನಿನ ಪ್ರಕಾರ ತಪ್ಪು ಎಂಬುದು ನನಗೆ ದೊಡ್ಡವನಾದ ಮೇಲೆ ತಿಳಿಯಿತು. ಅದಿರಲಿ, ‘ಮರ ನಮ್ದು’ ಅಂದ ಅವನ ಮಾತು ಮಾತ್ರ ನನ್ನ ತಲೆಯಲ್ಲಿ ಅಂಟಿಕೊಂಡುಬಿಟ್ಟಿದೆ.

ಇದು ಬರೀ ಡಾಂಬರಲ್ಲ

ಈ ರಸ್ತೆಯ ವಯಸ್ಸೆಷ್ಟು ಎಂದು ಕೇಳಿದರೆ ಹೇಳುವುದು ಕಷ್ಟ. ಮೇಖ್ರಿ ವೃತ್ತದ ಬಳಿ ಒಂದು ಪುಟ್ಟ ಕಲ್ಲಿನ ಗೋಪುರ ಇದೆ, ನೋಡಿದ್ದೀರಾ? ಕೆಂಪೇಗೌಡರ ಹೆಸರಿನ ನಾಲ್ಕು ಗಡಿ ಗೋಪುರಗಳಲ್ಲಿ ಅದು ಉತ್ತರ ದಿಕ್ಕಿನದು. ಲಾಲ್‌ಬಾಗಿನ ಬಂಡೆಯ ಮೇಲೆ, ಹಲಸೂರಿನಲ್ಲಿ, ಕೆಂಪಾಂಬುಧಿ ಕೆರೆಯ ಬಳಿ ಉಳಿದ ಮೂರು. ಊರು ಈ ಗೋಪುರಗಳನ್ನು ದಾಟಿ ಬೆಳೆಯಬಾರದು ಎಂಬ ಮಾತಿತ್ತು ಅಂತ ಹಿರಿಯರು ಹೇಳುತ್ತಾರೆ. ಊರು ಯಾರ ಮಾತು ಕೇಳಿದೆ ಹೇಳಿ?

ಅಲ್ಲಿಂದ ಮುಂದೆ ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಕ್ರಿ.ಶ. 750ರ ಸುಮಾರಿನದು, ಗಂಗರ ಶ್ರೀಪುರುಷನ ಕಾಲದ್ದು ಎನ್ನುತ್ತಾರೆ ಬಲ್ಲವರು. ಊರಿಗಾಗಿ ಹೋರಾಡಿ ಮಡಿದ ಕಿಟ್ಟಯ್ಯ ಎಂಬ ವೀರನ ಕಲ್ಲು. ಬೆಂಗಳೂರು ಹುಟ್ಟುವ ಮೊದಲೇ ಹೆಬ್ಬಾಳ ಇತ್ತು ಅಂದ ಹಾಗಾಯಿತು! ಈಚೆ ತುದಿಯಲ್ಲಿ ಅರಮನೆ. ಅದರ ನಾನೂರ ಎಪ್ಪತ್ತೆರಡು ಎಕರೆ ಜಮೀನನ್ನು ವಶಪಡಿಸಿಕೊಳ್ಳಲು ಸರ್ಕಾರ 1996ರಲ್ಲಿ ಕಾಯಿದೆ ಮಾಡಿತು, ರಾಜವಂಶದವರು ಕೋರ್ಟಿಗೆ ಹೋದರು. ಇದೇ ರಸ್ತೆ, ಪಕ್ಕದ ಜಯಮಹಲ್ ರಸ್ತೆಗಳನ್ನು ಅಗಲ ಮಾಡಲು ಬೇಕಾದ ಹದಿನೈದು ಎಕರೆ ಚಿಲ್ಲರೆ ಜಾಗದ ಪರಿಹಾರ ಎಷ್ಟು ಎಂಬ ಲೆಕ್ಕ ಸುಪ್ರೀಂ ಕೋರ್ಟಿನಲ್ಲಿ ಮೂರು ಸಾವಿರ ಕೋಟಿ ರೂಪಾಯಿಯವರೆಗೆ ಏರಿತು.

ಇನ್ನು ಮರಗಳು. ಅವು ತಾನಾಗಿ ಹುಟ್ಟಿದವಲ್ಲ. ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಊರಲ್ಲಿ ಬಣ್ಣ ಇರಬೇಕು ಅಂತ ಲೆಕ್ಕ ಹಾಕಿ ಬೆಂಗಳೂರಿಗೆ ಮರ ಆರಿಸಿದವರು ಜರ್ಮನಿಯಿಂದ ಬಂದ ಕ್ರುಂಬಿಗಲ್ ಸಾಹೇಬರು. ಆಮೇಲೆ ಊರು ಒಣಗುತ್ತಾ ಬಂದಾಗ, 1980ರ ದಶಕದಲ್ಲಿ, ಗುಂಡೂರಾಯರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಅರಣ್ಯಾಧಿಕಾರಿ ಸೇತುರಾಮ್ ನೇಗಿನಹಾಳರಿಗೆ ಊರಿಗೆ ಹಸಿರು ತುಂಬುವ ಕೆಲಸ ವಹಿಸಿದರು. ಆ ಪುಣ್ಯಾತ್ಮರು ಐದಾರು ವರ್ಷದಲ್ಲಿ ಹದಿನೈದು ಲಕ್ಷ ಗಿಡ ನೆಡಿಸಿದರು! ನೇಗಿನಹಾಳರು 2021ರಲ್ಲಿ ತೀರಿಕೊಂಡರು. ಅವರ ಮುಖ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕಟೌಟೂ ಇಲ್ಲ, ಹಾಲಿನ ಅಭಿಷೇಕವೂ ಇಲ್ಲ. ಆದರೆ ಬಸ್ಸಿಗೆ ಕಾಯುವ ಲಕ್ಷಾಂತರ ಜನ ದಿನಾ ಅವರ ನೆರಳಲ್ಲಿ ನಿಲ್ಲುತ್ತಾರೆ. ಇದಕ್ಕಿಂತ ದೊಡ್ಡ ಅಭಿಮಾನಿ ಸಂಘ ಬೇಕೇ?

ಆ ಸಂಜೆ

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ನಮ್ಮ ಜಗುಲಿ ರಾತ್ರೋರಾತ್ರಿ ಹೆಬ್ಬಾಗಿಲಾಯಿತು! ಹೆಬ್ಬಾಳದ ಮೇಲ್ಸೇತುವೆ 2003ರಲ್ಲೇ ಬಂದಿತ್ತು. ಈಗ ರಸ್ತೆ ಅಗಲವಾಯಿತು, ‘ಕಾವೇರಿ’ಯ ಮುಂದೆ ಅಂಡರ್‌ಪಾಸ್ ಬಂತು, ಹೆಬ್ಬಾಳದಾಚೆ ಕಂಬಗಳ ಮೇಲೆ ಎತ್ತರದ ರಸ್ತೆ ಬಂತು. ಒಂದೊಂದು ಬಂದಾಗಲೂ ಒಂದಷ್ಟು ಮರ ಹೋದವು. ಅಪ್ಪ ಹೆಚ್ಚು ಮಾತಾಡಲಿಲ್ಲ. ‘ಊರು ಬೆಳೀಬೇಕಲ್ಲ’ ಎಂದ. ಚಪ್ಪರ ಹರಿದ ಕಡೆ ಮಾತ್ರ ಸೈಕಲ್ಲನ್ನು ಜೋರಾಗಿ ತುಳಿಯುತ್ತಿದ್ದ.

2014. ನಾನು ಎರಡನೇ ಪಿ.ಯು.ಸಿ. ನವೆಂಬರಿನ ಒಂದು ಸಂಜೆ ಆರೂವರೆಗೆ ಅಪ್ಪ ಅಂಟಿನ ಬಕೆಟ್ಟು ಕೆಳಗಿಟ್ಟು, ಎದೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತ. ಪಕ್ಕದ ಮನೆಯ ಅಣ್ಣನ ಮಾರುತಿ ವ್ಯಾನಿನಲ್ಲಿ ಹಾಕಿಕೊಂಡು ಪೇಟೆ ಕಡೆಯ ದೊಡ್ಡಾಸ್ಪತ್ರೆಗೆ ಹೊರಟೆವು. ಹೆಬ್ಬಾಳದ ಸೇತುವೆ ಹತ್ತುವ ಮುಂಚೆಯೇ ವಾಹನಗಳ ಸಾಲು ನಿಂತಿತ್ತು. ಹಿಂದೆ ಹೋಗುವ ಹಾಗಿಲ್ಲ, ಮುಂದೆ ಹೋಗುವ ಹಾಗಿಲ್ಲ. ಹಾರನ್ನು ಹೊಡೆದು ಹೊಡೆದು ಆ ಅಣ್ಣ ಅತ್ತೇಬಿಟ್ಟ. ನಾನು ಇಳಿದು ಮುಂದಿನ ಕಾರುಗಳ ಗಾಜು ಬಡಿದು ಕೈಮುಗಿದೆ. ಕೆಲವರು ಸರಿಯಲು ನೋಡಿದರು. ಸರಿಯಲು ಜಾಗ ಎಲ್ಲಿ?

ಮೇಖ್ರಿ ವೃತ್ತ ತಲುಪುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಅಪ್ಪನ ಕೈ ನನ್ನ ಕೈಯಲ್ಲಿ ತಣ್ಣಗಾಗಿತ್ತು. ಆಮೇಲೆ ಮರಗಳ ಚಪ್ಪರದ ಕೆಳಗೆ ವ್ಯಾನು ಸಲೀಸಾಗಿ ಓಡಿತು. ಅವನು ತುಳಿಯೋದನ್ನು ನಿಲ್ಲಿಸುತ್ತಿದ್ದ ಅದೇ ಜಾಗ...

ಕಾಲೇಜು ಅಲ್ಲಿಗೇ ಮುಗಿಯಿತು. ಅಪ್ಪನ ಬ್ರಷ್ಷು ಹಿಡಿದು ಒಂದು ವರ್ಷ ಪೋಸ್ಟರು ಅಂಟಿಸಿದೆ. ಆಮೇಲೆ ಪೋಸ್ಟರಿನಲ್ಲಿದ್ದವರ ಬಗ್ಗೆ ಬರೆಯೋದನ್ನು ಕಲಿತೆ. ನಿಮ್ಮ ಮುಂದೆ ಇರುವ ಈ ಬರಹಗಾರನ ಜಾತಕ ಇಷ್ಟೇ.

ರಸ್ತೆಯ ಈಚೆ ಬದಿಯಲ್ಲಿ ನಾನು

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, 2016ರಲ್ಲಿ ಸರ್ಕಾರ ಉಕ್ಕಿನ ಸೇತುವೆಯ ಸುದ್ದಿ ಹೇಳಿದಾಗ ನಾನು ಕುಣಿದುಬಿಟ್ಟೆ. ಚಾಲುಕ್ಯ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು ಆರೂಮುಕ್ಕಾಲು ಕಿಲೋಮೀಟರು, ಹೆಚ್ಚುಕಡಿಮೆ 1,800 ಕೋಟಿ ರೂಪಾಯಿ. 812 ಮರ ಕಡಿಯಬೇಕು ಎಂಬ ಲೆಕ್ಕ ಹೊರಬಿತ್ತು. ‘ಹೋಗಲಿ ಬಿಡಿ’ ಎಂದೆ ನಾನು. ಅಮ್ಮ ಕೂಡ, ‘ಕಟ್ಲಿ. ಇನ್ನೊಂದ್ ಮನೆ ಯಜಮಾನ ಆದ್ರೂ ಉಳ್ಕೊಳ್ಲಿ’ ಎಂದಳು. ಅದಕ್ಕೆ ನನ್ನ ಹತ್ತಿರ ಎದುರು ಮಾತು ಇರಲಿಲ್ಲ. ಇವತ್ತಿಗೂ ಆ ಮಾತನ್ನು ಸುಲಭವಾಗಿ ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

2016ರ ಅಕ್ಟೋಬರ್ 16, ಭಾನುವಾರ. ಸೇತುವೆ ಬೇಡ ಎಂದು ಸಾವಿರಾರು ಜನ ಆ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ಸರಪಳಿಯಾಗಿ ನಿಂತರು. ಒಂದು ಪತ್ರಿಕೆಗೆ ವರದಿ ಕೊಟ್ಟರೆ ಇನ್ನೂರು ರೂಪಾಯಿ ಸಿಗುತ್ತಿತ್ತು, ಹೋದೆ. ಸರಪಳಿಯೊಳಗೆ ಸೇರಲಿಲ್ಲ. ಎದುರು ಬದಿಯಲ್ಲಿ ನಿಂತು ನೋಡಿದೆ. ಮುದುಕರು, ಮಕ್ಕಳು, ಸಿನಿಮಾದವರು, ಇಂಗ್ಲಿಷ್ ಮಾತಾಡುವವರು, ಕನ್ನಡದ ಘೋಷಣೆ ಕೂಗುವವರು ಎಲ್ಲರೂ ಇದ್ದರು. ನನ್ನ ಎದೆಯೊಳಗೆ ಮಾತ್ರ ಕಹಿ. ‘ಇವರಿಗೆ ಮರ ಕಾಣುತ್ತೆ. ಅಪ್ಪ ಕಾಣಲ್ಲ.’

ನನ್ನ ಪಕ್ಕದಲ್ಲಿ ಬಸ್ ಸ್ಟಾಪಿನ ನೆರಳಲ್ಲಿ ಒಬ್ಬಾಕೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ವಯಸ್ಸಾದವಳು. ‘ಏನ್ ಮಗಾ ಗಲಾಟೆ?’ ಎಂದು ಕೇಳಿದಳು.

‘ಮೇಲೆ ಸೇತುವೆ ಕಟ್ತಾರಂತೆ ಅಜ್ಜಿ. ಅದಕ್ಕೆ ಮರ ಕಡೀಬೇಕಂತೆ. ಬೇಡ ಅಂತ ನಿಂತವ್ರೆ.’

ಅಜ್ಜಿ ಮೇಲೆ ನೋಡಿದಳು. ತನ್ನ ಬುಟ್ಟಿ ನೋಡಿದಳು. ‘ಸೇತುವೆ ಮೇಲೆ ಬಸ್ ಸ್ಟಾಪ್ ಇರ್ತದಾ?’ ಎಂದಳು.

‘ಇರಲ್ಲ ಅನ್ಸುತ್ತೆ ಅಜ್ಜಿ. ಅದು ಏರ್‌ಪೋರ್ಟಿಗೆ ಹೋಗೋರಿಗೆ.’

‘ಸರಿ, ಅವ್ರು ಮೇಲೆ ಹೋಯ್ತಾರೆ. ಕೆಳಗೆ ಕೂತೋರಿಗೆ ಏನ್ ಕೊಡ್ತಾರೆ?’

ಅಷ್ಟೇ ಕೇಳಿದ್ದು. ಹೂವಿಗೆ ನೀರು ಚಿಮುಕಿಸಿ ಸುಮ್ಮನಾದಳು. ನನಗೆ ಉತ್ತರ ಹೊಳೆಯಲಿಲ್ಲ. ವರದಿಯಲ್ಲಿ ಅಜ್ಜಿಯನ್ನು ಸೇರಿಸಲಿಲ್ಲ. ಜನ ಎಷ್ಟು, ಘೋಷಣೆ ಏನು ಎಂದು ಬರೆದು ಇನ್ನೂರು ರೂಪಾಯಿ ಈಸಿಕೊಂಡೆ. ಒಂಬತ್ತು ವರ್ಷದ ಮೇಲೆ ಈ ಪುಟದಲ್ಲಿ ಆ ತಪ್ಪು ತಿದ್ದಿಕೊಳ್ಳುತ್ತಿದ್ದೇನೆ.

ಗೇಟು ದೊಡ್ಡದಾದರೆ ಹಾಲು ದೊಡ್ಡದಾಗುತ್ತದೆಯೇ?

2017ರ ಮಾರ್ಚ್ 2ರಂದು ಸರ್ಕಾರ ಆ ಸೇತುವೆಯನ್ನು ಕೈಬಿಟ್ಟಿತು. ಮರ ಉಳಿದವು. ನನಗೆ ಖುಷಿಯಾಯಿತೋ ದುಃಖವಾಯಿತೋ ಹೇಳಲಾರೆ. ಆದರೆ ಅಜ್ಜಿಯ ಪ್ರಶ್ನೆ ಹಿಂದೆ ಬಿದ್ದಿತ್ತು. ಪ್ರತಿ ಸಲ ಬಸ್ಸು ಹೆಬ್ಬಾಳದಲ್ಲಿ ನಿಂತಾಗಲೂ ಕೂತು ಲೆಕ್ಕ ಹಾಕುತ್ತಿದ್ದೆ.

ಲೆಕ್ಕ ಇದು. 2003ರಲ್ಲಿ ಮೇಲ್ಸೇತುವೆ ಬಂತು. 2008ರ ಹೊತ್ತಿಗೆ ರಸ್ತೆ ಅಗಲವಾಯಿತು. ಆಮೇಲೆ ಎತ್ತರದ ರಸ್ತೆಯೂ ಬಂತು. ಇಷ್ಟೆಲ್ಲ ಬಂದ ಮೇಲೆ ತಾನೇ, 2014ರ ನವೆಂಬರಿನಲ್ಲಿ, ನನ್ನಪ್ಪ ಅದೇ ರಸ್ತೆಯಲ್ಲಿ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡದ್ದು? ಅಗಲ ಮಾಡಿದ ರಸ್ತೆಯೇ ಅವನನ್ನು ಉಳಿಸಲಿಲ್ಲ. ಇನ್ನೊಂದು ಸೇತುವೆ ಉಳಿಸುತ್ತಿತ್ತು ಅಂತ ಯಾವ ಬಾಯಲ್ಲಿ ಹೇಳಲಿ?

ನಮ್ಮ ಸಿನಿಮಾ ಭಾಷೆಯಲ್ಲೇ ಹೇಳುತ್ತೇನೆ. ಒಂದು ಟಾಕೀಸಿನ ಮುಂದೆ ನೂಕುನುಗ್ಗಲು. ಮಾಲೀಕ ಏನು ಮಾಡಿದ? ಗೇಟನ್ನು ಎರಡರಷ್ಟು ಅಗಲ ಮಾಡಿದ. ಆದರೆ ಒಳಗಿನ ಸೀಟು ಅಷ್ಟೇ! ಆಗ ಏನಾಗುತ್ತದೆ? ಗೇಟಿನ ನೂಕಾಟ ಹಾಲಿನ ಬಾಗಿಲಿಗೆ ಬರುತ್ತದೆ. ಜೊತೆಗೆ, ‘ಗೇಟು ಅಗಲವಾಗಿದೆಯಂತೆ, ಸಲೀಸಾಗಿ ಹೋಗಬಹುದಂತೆ’ ಎಂಬ ಸುದ್ದಿ ಕೇಳಿ ಮನೆಯಲ್ಲಿದ್ದವರೂ ಹೊರಟು ಬರುತ್ತಾರೆ. ರಸ್ತೆಯ ಕಥೆಯೂ ಇದೇ. ಹೆಬ್ಬಾಳದಿಂದ ಹಾರಿಕೊಂಡು ಬಂದ ಕಾರು ಚಾಲುಕ್ಯ ವೃತ್ತದಲ್ಲಿ ಇಳಿಯಲೇಬೇಕು. ಅಲ್ಲಿಂದಾಚೆಯ ಊರು ಅಗಲವಾಗಿಲ್ಲವಲ್ಲ. ರಸ್ತೆ ಸಲೀಸಾದಷ್ಟೂ ಬಸ್ಸು ಬಿಟ್ಟು ಕಾರು ತೆಗೆಯುವವರು ಹೆಚ್ಚುತ್ತಾರೆ. ನಾಲ್ಕೈದು ವರ್ಷದಲ್ಲಿ ಮತ್ತೆ ಹೌಸ್‌ಫುಲ್ ಬೋರ್ಡು!

ಈಗ ಅಜ್ಜಿಯ ಪ್ರಶ್ನೆಗೆ ಬನ್ನಿ. ರಸ್ತೆ ಅಗಲವಾದಾಗ ಲಾಭ ಯಾರಿಗೆ? ಸದ್ಯಕ್ಕಾದರೂ ಕಾರಿನವರಿಗೆ. ಕಳೆದುಕೊಂಡವರು ಯಾರು? ನೀವು, ನಾನು, ಹೂವಿನಜ್ಜಿ. ಕಾರಿನೊಳಗೆ ತಂಪಿನ ಯಂತ್ರ ಇದೆ, ಅವರಿಗೆ ಮರ ಕಣ್ಣಿಗೆ ಚೆಂದ ಅಷ್ಟೇ. ಬಸ್ಸಿಗೆ ಕಾಯುವವನಿಗೆ ಅದು ಚೆಂದ ಅಲ್ಲ, ಚಾವಣಿ. ಅಷ್ಟು ದೊಡ್ಡ ರಸ್ತೆಯಲ್ಲಿ ಬಡವನ ಪಾಲಿಗೆ ಬಂದಿರೋದು ಈ ನೆರಳೊಂದೇ. ರಸ್ತೆ ಅಗಲ ಮಾಡುವಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ.

ಇದು ನನ್ನ ಭಾವುಕತೆ ಅಂದುಕೊಳ್ಳಬೇಡಿ. ಹರಿಣಿ ನಾಗೇಂದ್ರ ಅವರೂ ಅವರ ಸಂಗಡಿಗರೂ ಬೆಂಗಳೂರಿನ ಬೀದಿಗಳಲ್ಲೇ ಉಷ್ಣಮಾಪಕ ಹಿಡಿದು ಅಳೆದು 2013ರಲ್ಲಿ ಪ್ರಕಟಿಸಿದ್ದಾರೆ. ಮರವಿರುವ ಬೀದಿಯಲ್ಲಿ ಗಾಳಿ 5.6 ಡಿಗ್ರಿಯವರೆಗೆ ತಂಪು. ಡಾಂಬರಿನ ಮೈ 27.5 ಡಿಗ್ರಿಯವರೆಗೆ ತಂಪು! ಬರಿಗಾಲಲ್ಲಿ ಅಣ್ಣಾವ್ರ ಮನೆ ಕಡೆ ನಡೆದ ನನ್ನಪ್ಪನ ಪಾದಕ್ಕೆ ಈ ಅಂಕಿ ಅರ್ಥವಾಗುತ್ತಿತ್ತು.

‘ಕಡಿದ ಮರಕ್ಕೆ ಬದಲು ಸಸಿ ನೆಡುತ್ತೇವೆ’ ಎನ್ನುತ್ತಾರೆ. ನೆಡಲಿ, ಸಂತೋಷ. ಆದರೆ ನೇಗಿನಹಾಳರ ಕಾಲದ ಗಿಡ ಚಪ್ಪರವಾಗಲು ಮೂವತ್ತು ನಲವತ್ತು ವರ್ಷ ಹಿಡಿಯಿತು. ಊರ ಹೊರಗೆ ನೆಟ್ಟ ಸಸಿಯ ನೆರಳು ಗುಟ್ಟಹಳ್ಳಿಯ ಸ್ಟಾಪಿನಲ್ಲಿ ನಿಂತ ಗರ್ಭಿಣಿಯ ಮೇಲೆ ಬೀಳುತ್ತದೆಯೇ?

ಹಾಗಾದರೆ ಊರು ಬೆಳೆಯಬಾರದೇ?

ಬೆಳೆಯಬೇಕು. ಖಂಡಿತ ಬೆಳೆಯಬೇಕು. ವ್ಯಾನಿನಲ್ಲಿ ಅಪ್ಪನ ಕೈ ಹಿಡಿದು ಕೂತವನು ನಾನು. ‘ಬೇಡ’ ಎಂದು ಕೂಗಿ ಮನೆಗೆ ಹೋಗಿ ಮಲಗುವುದು ನನ್ನಿಂದ ಆಗದ ಕೆಲಸ. ಮರವೂ ಇದೆ, ಜಾಮೂ ಹಾಗೇ ಇದೆ ಅಂದರೆ ಅದು ಅರ್ಧ ಸಿನಿಮಾ. ಇಂಟರ್‌ವಲ್‌ಗೇ ‘ಶುಭಂ’ ಹಾಕಿದ ಹಾಗೆ.

ಮೆಟ್ರೊ ಬರಲಿ. ಬೆಂಗಳೂರಿಗೆ ಅಂಥ ರೈಲು ಬೇಕು ಅಂತ ಎಷ್ಟೋ ಹಿಂದೆಯೇ ಕನಸು ಕಂಡವರು ನಮ್ಮ ಶಂಕರನಾಗ್. 1990ರ ಸೆಪ್ಟೆಂಬರ್ 30ರಂದು ರಸ್ತೆಯೇ ಅವರನ್ನು ನುಂಗಿತು. ಇಪ್ಪತ್ತೊಂದು ವರ್ಷದ ಮೇಲೆ, 2011ರ ಅಕ್ಟೋಬರಿನಲ್ಲಿ, ಮೊದಲ ಮೆಟ್ರೊ ಓಡಿತು. ಈಗ ಹೆಬ್ಬಾಳದ ಮೇಲೆ ಹಾದು ವಿಮಾನ ನಿಲ್ದಾಣಕ್ಕೆ ಹೋಗುವ ಮಾರ್ಗದ ಕೆಲಸ ನಡೆಯುತ್ತಿದೆ. ಆದರೆ ಮೆಟ್ರೊ ಅಂದಾಕ್ಷಣ ಮರ ಉಳಿಯುತ್ತದೆ ಅಂತಲೂ ಇಲ್ಲ ಮಿತ್ರರೇ. ಎಂ.ಜಿ. ರಸ್ತೆಯ ಆ ಹೂಬಳ್ಳಿಯ ಕಾಲುದಾರಿ, ಜಯನಗರದ ನಂದಾ ರಸ್ತೆಯ ಮರಸಾಲು, ಎರಡಕ್ಕೂ ಕೊಡಲಿ ಬಿದ್ದದ್ದು ಮೆಟ್ರೊಗಾಗಿಯೇ. ಅಲ್ಲಿ ಕೊನೆಯ ಪಕ್ಷ ಬದಲಿಗೆ ಸಿಕ್ಕಿದ್ದು ಬಡವನೂ ಹತ್ತಬಹುದಾದ ರೈಲು. ನಷ್ಟವಾದರೂ ಕೊಟ್ಟು ತೆಗೆದುಕೊಂಡ ಲೆಕ್ಕ. ಬಳ್ಳಾರಿ ರಸ್ತೆಯ ಸೇತುವೆಯಲ್ಲಿ ಆ ಕೊಡುವಿಕೆಯೇ ಇರಲಿಲ್ಲ.

2025ರ ಆಗಸ್ಟಿನಲ್ಲಿ ಹೆಬ್ಬಾಳದಲ್ಲಿ ಕೆ.ಆರ್. ಪುರದ ಕಡೆಯಿಂದ ಮೇಖ್ರಿ ವೃತ್ತದ ಕಡೆಗೆ ಇಳಿಯುವ ಏಳುನೂರು ಮೀಟರಿನ ಹೊಸ ಸುತ್ತುಸೇತುವೆ ತೆರೆದರು. ಗಂಟು ಇರುವ ಕಡೆಯೇ ಗಂಟು ಬಿಚ್ಚುವ ಪ್ರಯತ್ನ. ಅಂಥದ್ದಕ್ಕೆ ನಾನು ಶಿಳ್ಳೆ ಹೊಡೆಯುತ್ತೇನೆ. ಅದೇ ವರ್ಷ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿಯಲ್ಲಿ ಸುಮಾರು ಹದಿನೇಳು ಕಿಲೋಮೀಟರು ಸುರಂಗ ಕೊರೆಯುವ ಮಾತೂ ಜೋರಾಯಿತು. ಸುರಂಗ ಮಣ್ಣಿನೊಳಗೆ ಹೋದರೂ ಅದರ ಬಾಯಿ ಎಲ್ಲೋ ಒಂದು ಕಡೆ ಮೇಲೆ ತೆರೆಯಲೇಬೇಕಲ್ಲ. ಲಾಲ್‌ಬಾಗಿನ ಜಾಗ ಕೇಳಿದಾಗ ಜನ ಎದ್ದು ನಿಂತದ್ದು ಅದಕ್ಕೇ.

ನಾನು ಇಂಜಿನಿಯರಲ್ಲ, ಪಿ.ಯು.ಸಿ. ಫೇಲಾಗುವ ಯೋಗ್ಯತೆಯನ್ನೂ ಸಂಪಾದಿಸದವನು. ಆದರೂ ನನ್ನ ಬೇಡಿಕೆ ಸಣ್ಣದು. ಬಳ್ಳಾರಿ ರಸ್ತೆಯಲ್ಲಿ ಒಂದು ಸಾಲನ್ನು ಬಸ್ಸಿಗೂ ಆಂಬುಲೆನ್ಸಿಗೂ ಬಿಟ್ಟುಕೊಡಿ. ಕಾರು ಅದರೊಳಗೆ ಬರಕೂಡದು. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆ ಹೀಗೊಂದು ಸಾಲು ಮಾಡಿ ನೋಡಿದ್ದರು, ಹೊಸ ಮಾತೇನಲ್ಲ. ಇದಕ್ಕೆ ಒಂದು ಮರವನ್ನೂ ಕಡಿಯಬೇಕಿಲ್ಲ. ಬಣ್ಣ ಬಳಿಯಬೇಕು, ಕಾವಲು ಹಾಕಬೇಕು, ಮನಸ್ಸು ಮಾಡಬೇಕು. ಒಂದು ಬಸ್ಸಿನಲ್ಲಿ ಹೋಗುವ ಜನ ಕಾರಿನಲ್ಲಿ ಹೊರಟರೆ ಎಷ್ಟು ಕಾರು ಬೇಕು, ನೀವೇ ಎಣಿಸಿ.

ಇನ್ನೊಂದು ಮಾತು. 1976ರ ಮರ ಸಂರಕ್ಷಣಾ ಕಾಯಿದೆ ಇದೆಯಲ್ಲ, ಅದರ ಪ್ರಕಾರ ಸರ್ಕಾರಿ ಕೆಲಸಕ್ಕಾಗಿ ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಮೊದಲು ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಆ ನೋಟೀಸು ಬಂದಾಗ ಉತ್ತರ ಬರೆಯುವವರು ಸಾಮಾನ್ಯವಾಗಿ ದೊಡ್ಡ ಮನೆಯವರು, ಓದಿದವರು. ಅವರು ಬರೆಯಲಿ, ಅವರಿಗೆ ನಮಸ್ಕಾರ. ಆದರೆ ಬಸ್ ಸ್ಟಾಪಿನವರು ಯಾಕೆ ಬರೆಯಬಾರದು? ‘ಸ್ವಾಮೀ, ನಾನು ದಿನಾ ಈ ಮರದ ಕೆಳಗೆ ಅರ್ಧ ಗಂಟೆ ನಿಲ್ಲುತ್ತೇನೆ, ಇದು ನನ್ನ ಪಾಲು’ ಎಂದು ಎರಡು ಸಾಲು ಸಾಕು. ಕನ್ನಡದಲ್ಲೇ ಬರೆಯಿರಿ.

ಅಮ್ಮ ಹೇಳಿದ್ದು

ಈ ಲೇಖನ ಬರೆದು ಅಮ್ಮನಿಗೆ ಓದಿ ಹೇಳಿದೆ. ಅವಳು ಅವರೇಕಾಯಿ ಬಿಡಿಸುತ್ತಾ ಕೇಳಿದಳು. 2014ರ ಸಂಜೆಯ ಭಾಗ ಬಂದಾಗ ಅವಳ ಕೈ ನಿಂತಿತು. ನಾನೂ ಓದುವುದನ್ನು ನಿಲ್ಲಿಸಿದೆ.

‘ನೀನೇ ಅವತ್ತು ಸೇತುವೆ ಕಟ್ಲಿ ಅಂದಿದ್ದೆ ಅಲ್ವಾ ಅಮ್ಮ?’ ಎಂದೆ.

‘ಅಂದಿದ್ದೆ. ಸಂಕಟದಲ್ಲಿ ಏನೇನೋ ಅನ್ಸುತ್ತೆ’ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವತ್ತು ನಾನೂ ವ್ಯಾನಲ್ಲಿ ಇದ್ದೆ ಕಣೋ. ನಿಮ್ಮಪ್ಪನ ತಲೆ ನನ್ನ ತೊಡೆ ಮೇಲಿತ್ತು. ನಮ್ಗೆ ಅಡ್ಡ ನಿಂತಿದ್ದು ಮರ ಅಲ್ಲ, ಕಾರುಗಳು. ಒಂದೊಂದ್ರಲ್ಲೂ ಒಬ್ಬೊಬ್ರೇ ಕೂತಿದ್ರು. ಆ ಹೊತ್ನಲ್ಲೂ ಅದು ನನ್ನ ಕಣ್ಣಿಗೆ ಬಿತ್ತು ನೋಡು’ ಎಂದಳು.

ಅಪ್ಪನ ಬ್ರಷ್ಷು ಇನ್ನೂ ನಮ್ಮ ಅಟ್ಟದ ಮೇಲಿದೆ. ಅಂಟು ಒಣಗಿ ಕಲ್ಲಾಗಿದೆ.

ಮರುದಿನ ಅಮ್ಮನನ್ನು ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗುವುದಿತ್ತು. ವಾಪಸು ಬರುವಾಗ ‘ಕಾವೇರಿ’ಯ ಸ್ಟಾಪಿನಲ್ಲಿ ಇಳಿದು ಬೇರೆ ಬಸ್ಸಿಗೆ ಕಾದೆವು. ಟಾಕೀಸು ಇದ್ದ ಕಡೆ ಅಮ್ಮ ಒಂದು ಸಲ ನೋಡಿದಳು, ಏನೂ ಹೇಳಲಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು. ಬೋರ್ಡು ಬಿಟ್ಟು ನಾವೂ ಎಲ್ಲರ ಜೊತೆ ಮರದ ಕೆಳಗೆ ಹೋದೆವು. ಮಗು ಎತ್ತಿಕೊಂಡಿದ್ದ ಒಬ್ಬ ಹೆಂಗಸು ಬಂದಾಗ ಅಮ್ಮ ಸೆರಗು ಎಳೆದುಕೊಂಡು, ‘ಬಾಮ್ಮಾ, ಇಲ್ಲಿ ನೆರಳಿದೆ’ ಎಂದು ಒಂದು ಹೆಜ್ಜೆ ಸರಿದು ಜಾಗ ಬಿಟ್ಟಳು.

ನಿಮ್ಮ ಬಸ್ಸು ಬಂತೇನೋ, ಹೋಗಿ ಬನ್ನಿ. ಹತ್ತುವ ಮುಂಚೆ ನೀವು ನಿಂತಿದ್ದ ಮರ ಯಾವುದು ಅಂತ ಒಂದು ಸಲ ತಿರುಗಿ ನೋಡಿ. ನೋಟೀಸು ಬಂದ ದಿನ ಅದರ ಗುರುತು ಹೇಳಬೇಕಾಗುತ್ತದೆ.